ಎಲ್ಸಾ ಬರ್ನ್‌ಸ್ಟೈನ್ ಅವರ ಮನೆಗೋಷ್ಠಿ: ಓದುವಾಗ ಎಲ್ಲೆಲ್ಲಿ ಎಡವುತ್ತೇವೆ

ಜರ್ಮನ್ ಸಾಮ್ರಾಜ್ಯದ ಕಾಲದ (1871–1918) ಸಾಹಿತ್ಯ ಓದುವಾಗ 'ಸಲೋನ್' ಎಂಬ ಮಾತು ಪದೇ ಪದೇ ಬರುತ್ತದೆ. ಮನೆಯೊಡತಿ ತನ್ನ ಮನೆಯ ಹಜಾರದಲ್ಲಿ ಬರಹಗಾರರು, ಸಂಗೀತಗಾರರು, ನಟರು, ವಕೀಲರನ್ನು ಕೂಡಿಸುತ್ತಿದ್ದ ಗೋಷ್ಠಿ ಅದು.

ಮ್ಯೂನಿಕ್‌ನ ಬ್ರೀನರ್ ಬೀದಿಯ ಬರ್ನ್‌ಸ್ಟೈನ್ ಮನೆ ಅಂಥದ್ದು. ಎಲ್ಸಾ ಹುಟ್ಟಿದ್ದು 1866ರಲ್ಲಿ, ವಿಯೆನ್ನಾದಲ್ಲಿ. ತಂದೆ ಹೈನ್ರಿಖ್ ಪೋರ್ಗೆಸ್, ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ರಚಿಸಿದ ವಾಗ್ನರ್ ಅವರ ಬಳಗದ ಸಂಗೀತಗಾರ. ನಟಿಯಾಗಿದ್ದ ಎಲ್ಸಾ ಕಣ್ಣಿನ ಕಾಯಿಲೆಯಿಂದ ರಂಗ ಬಿಡಬೇಕಾಯಿತು. 1890ರಲ್ಲಿ ವಕೀಲ ಮ್ಯಾಕ್ಸ್ ಬರ್ನ್‌ಸ್ಟೈನ್ ಅವರನ್ನು ಮದುವೆಯಾದರು. ಕವಿ ರಿಲ್ಕೆ, ನಾಟಕಕಾರ ಗೆರ್ಹಾರ್ಟ್ ಹಾಪ್ಟ್‌ಮನ್ ಈ ಮನೆಗೆ ಬಂದವರು. 1904ರಲ್ಲಿ ಎಲ್ಸಾ ಕಾದಂಬರಿಕಾರ ಥಾಮಸ್ ಮನ್ ಮತ್ತು ಕಾಟ್ಯಾ ಪ್ರಿಂಗ್ಸ್‌ಹೈಮ್ ಅವರನ್ನು ಇಲ್ಲಿಗೆ ಊಟಕ್ಕೆ ಕರೆದು ಹತ್ತಿರ ತಂದರು. ಮರುವರ್ಷದ ಫೆಬ್ರವರಿಯಲ್ಲಿ ಅವರ ಮದುವೆಯೂ ಆಯಿತು. ಬಹಳಷ್ಟು ಟಿಪ್ಪಣಿಗಳು ಇಷ್ಟು ಹೇಳಿ ಮುಗಿಸಿಬಿಡುತ್ತವೆ. ಇದು ಆಕೆಗೆ ಮಾಡುವ ಅನ್ಯಾಯ, ಏಕೆಂದರೆ ಆಕೆ ಸ್ವತಃ ನಾಟಕಕಾರ್ತಿ.

ಕಾವ್ಯನಾಮ ಎರ್ನ್‌ಸ್ಟ್ ರೋಸ್ಮರ್. ಗಂಡಸಿನ ಹೆಸರಾದ್ದರಿಂದ ಎಲ್ಸಾ, ರೋಸ್ಮರ್ ಇಬ್ಬರನ್ನೂ ಬೇರೆ ಬೇರೆ ಎಂದುಕೊಳ್ಳುವವರಿದ್ದಾರೆ. ಗ್ರಂಥಾಲಯದಲ್ಲಿ ಎರಡೂ ಹೆಸರಲ್ಲಿ ಹುಡುಕಿ.

1893ರ 'ಡೆಮ್ಮರುಂಗ್' ನಾಟಕದ ಹೆಸರಿಗೆ ಬೆಳಗಿನ ನಸುಕು, ಸಂಜೆಯ ಮಬ್ಬು ಎರಡೂ ಅರ್ಥ. ಕನ್ನಡದಲ್ಲಿ 'ಮುಸ್ಸಂಜೆ' ಎಂದರೆ ಅರ್ಧ ಅರ್ಥ ಕಳೆಯುತ್ತದೆ, 'ನಸುಗತ್ತಲು' ಎನ್ನುವುದೇ ಸರಿ. ಅದರಲ್ಲಿ ಕಣ್ಣು ಮಂಜಾಗುತ್ತಿರುವ ಹುಡುಗಿಗೆ ಚಿಕಿತ್ಸೆ ಕೊಡುವವಳು ಒಬ್ಬ ವೈದ್ಯೆ. ಮ್ಯೂನಿಕ್ ಇರುವ ಬವೇರಿಯಾದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಪೂರ್ಣ ವಿದ್ಯಾರ್ಥಿಗಳಾಗಿ ಸೇರಿಸಿಕೊಂಡದ್ದು 1903ರಲ್ಲಿ. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಬರೆದುಕೊಂಡರೆ ಆ ಪಾತ್ರದ ದಿಟ್ಟತನ ತಿಳಿಯುತ್ತದೆ.

'ಕ್ಯೋನಿಗ್ಸ್‌ಕಿಂಡರ್', ಅಂದರೆ 'ಅರಸುಮಕ್ಕಳು', ಎಂಬ ಆಕೆಯ ನಾಟಕ ಇನ್ನೂ ಸ್ವಾರಸ್ಯದ್ದು. ಸಂಗೀತ ಸಂಯೋಜಕ ಹುಂಪರ್ಡಿಂಕ್ ಇದಕ್ಕೆ ಸಂಗೀತ ಕೂಡಿಸಿದ ಪ್ರಯೋಗ 1897ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಾಯಿತು. ಸ್ವರಲಿಪಿಯಲ್ಲಿ ಮಾತಿನ ಹಲವು ಜಾಗಗಳಲ್ಲಿ ಸ್ವರದ ದುಂಡು ತಲೆಯ ಬದಲು ಗುಣಿಸು ಚಿಹ್ನೆ. ಅದು ಎಷ್ಟು ಎತ್ತರದಲ್ಲಿದೆಯೋ ದನಿ ಹೆಚ್ಚುಕಡಿಮೆ ಅಷ್ಟು ಏರಬೇಕು, ಕಾಲವನ್ನೂ ಹಿಡಿಯಬೇಕು, ಆದರೆ ಹಾಡಬಾರದು. ತೊಡಕು ಇಲ್ಲೇ: ನಟರಿಗೆ ಲಿಪಿ ಹಿಡಿದು ಮಾತಾಡುವುದು ಕಷ್ಟ, ಗಾಯಕರ ಗಂಟಲು ತಾನಾಗಿಯೇ ಹಾಡಿಗೆ ಜಾರುತ್ತದೆ. ಹುಂಪರ್ಡಿಂಕ್ ಕೊನೆಗೆ ಅದನ್ನು ಪೂರ್ಣ ಆಪೆರಾ ಮಾಡಿದರು. ಮೊದಲ ಪ್ರದರ್ಶನ 1910ರ ಡಿಸೆಂಬರ್ 28ರಂದು, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾ ರಂಗಮಂದಿರದಲ್ಲಿ. ಎರಡು ರೂಪಗಳನ್ನು ಒಂದೇ ಎಂದು ಬರೆಯಬೇಡಿ.

ಮತ್ತೊಂದು ಗೊಂದಲ ಹೆಚ್ಚು ಅಪಾಯದ್ದು. ಅದೇ ಊರಲ್ಲಿ 1899ರಿಂದ ಇನ್ನೊಬ್ಬ ಎಲ್ಸಾ ಗೋಷ್ಠಿ ನಡೆಸುತ್ತಿದ್ದರು: ಪ್ರಕಾಶಕ ಹ್ಯೂಗೋ ಬ್ರೂಕ್‌ಮನ್ ಅವರ ಹೆಂಡತಿ. 1920ರ ದಶಕದಲ್ಲಿ ಹಿಟ್ಲರ್‌ಗೆ ಮನೆಬಾಗಿಲು ತೆರೆದವರು ಆಕೆ. ಯಹೂದಿ ಮನೆತನದ ಎಲ್ಸಾ ಬರ್ನ್‌ಸ್ಟೈನ್ ಅವರನ್ನು ಹಿಟ್ಲರನ ಆಡಳಿತ 1942ರಲ್ಲಿ ತೆರೇಜಿನ್‌ಷ್ಟಾಟ್ ಎಂಬ, ಯಹೂದಿಗಳನ್ನು ಕೂಡಿಹಾಕುತ್ತಿದ್ದ ಶಿಬಿರಕ್ಕೆ ದೂಡಿತು. ಆಗ ಆಕೆಗೆ 75 ವರ್ಷ, ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಬದುಕಿ ಬಂದು, ಶಿಬಿರದ ನೆನಪುಗಳನ್ನು ಟೈಪ್ ಮಾಡಿಟ್ಟು, 1949ರಲ್ಲಿ ಹ್ಯಾಂಬರ್ಗ್‌ನಲ್ಲಿ ತೀರಿಕೊಂಡರು.