ನಕ್ಷೆಯಲ್ಲಿ ಚುಕ್ಕೆ ಇಲ್ಲ ಅಂದರೆ ಕಳೆಯೂ ಇಲ್ಲವಾ?

ಪ್ರಶ್ನೆ: ಹೊರಗಿನಿಂದ ಬಂದು ಹಬ್ಬಿ ಕಾಟ ಕೊಡುವ ಆಕ್ರಮಣಕಾರಿ ಸಸ್ಯಗಳ ಬಗ್ಗೆ ಏನೇ ಓದಿದರೂ ಅಮೆರಿಕ, ಯುರೋಪ್, ಆಸ್ಟ್ರೇಲಿಯಾದ ಮಾತೇ ಜಾಸ್ತಿ. ಬೇರೆ ಕಡೆ ಈ ಕಾಟ ಕಡಿಮೆಯಾ?

ಉತ್ತರ: ಹಾಗೆ ಹೇಳೋಕೆ ಆಗಲ್ಲ. ಅಲ್ಲಿ ಕಡಿಮೆ ಇರುವುದು ಎಣಿಸುವ ಜನ.

ಆಫ್ರಿಕಾದ ನಕ್ಷೆ ತೆಗೆದುಕೊಂಡು, ಅಧ್ಯಯನ ನಡೆದ ಜಾಗಕ್ಕೆಲ್ಲ ಒಂದೊಂದು ಚುಕ್ಕೆ ಇಡಿ. ದಕ್ಷಿಣ ಆಫ್ರಿಕಾ ತುಂಬಿಹೋಗುತ್ತದೆ. ಗಡಿ ದಾಟಿದರೆ ಚುಕ್ಕೆಗಳು ಸಟ್ಟನೆ ವಿರಳ. ಗಿಡಗಳೇನು ಪಾಸ್‌ಪೋರ್ಟ್ ಇಲ್ಲ ಅಂತ ಗಡಿಯಲ್ಲೇ ನಿಂತುಬಿಟ್ಟವಾ? ದಕ್ಷಿಣ ಆಫ್ರಿಕಾದ ಕೇಪ್ ಬೆಟ್ಟಗಳಲ್ಲಿ ಹಬ್ಬಿದ ಪೈನ್, ಅಕೇಶಿಯಾ ಮರಗಳು ಹೊಳೆ ಸೇರಬೇಕಾದ ನೀರನ್ನು ಹೀರುತ್ತಿದ್ದವು. 1995ರಲ್ಲಿ ಸರ್ಕಾರ ‘ವರ್ಕಿಂಗ್ ಫಾರ್ ವಾಟರ್’ ಯೋಜನೆ ಶುರು ಮಾಡಿ, ಕೂಲಿ ಕೊಟ್ಟು ಅವನ್ನು ಕಡಿಸತೊಡಗಿತು. ಎಷ್ಟು ಮರ ಕಡಿದರೆ ಎಷ್ಟು ನೀರು ಉಳಿಯುತ್ತದೆ ಅನ್ನುವ ಲೆಕ್ಕ ಬೇಕಾಯಿತು. ಲೆಕ್ಕ ಬೇಕಾದ ಕಡೆ ಸಂಶೋಧಕರೂ ಇರುತ್ತಾರೆ.

ಸಂಶೋಧಕ ಪೆತ್ರ್ ಪಿಷೆಕ್ ಮತ್ತು ಸಂಗಡಿಗರು 2008ರಲ್ಲಿ ಇದನ್ನೇ ಜಗತ್ತಿನ ಮಟ್ಟದಲ್ಲಿ ನೋಡಿದರು. ಅಧ್ಯಯನದಲ್ಲಿ ಉತ್ತರ ಅಮೆರಿಕ ಎಲ್ಲರಿಗಿಂತ ಮುಂದೆ. ಏಷ್ಯಾ ಹಿಂದೆ, ದಕ್ಷಿಣ ಆಫ್ರಿಕಾ ಬಿಟ್ಟರೆ ಉಳಿದ ಆಫ್ರಿಕಾವೂ ಹಿಂದೆ.

ಭಾಷೆಯ ಕಥೆಯೂ ಇದೆ. ಆಕ್ರಮಣಕಾರಿ ಜೀವಿಗಳಿಂದಾದ ನಷ್ಟ ಲೆಕ್ಕ ಹಾಕುವ ‘ಇನ್ವಾಕಾಸ್ಟ್’ ತಂಡ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗಳಲ್ಲೂ ಹುಡುಕಿತು. ಇಂಗ್ಲಿಷ್ ಬರಹಗಳಲ್ಲಿ ಕಾಣದ ಪ್ರಭೇದಗಳು, ದೇಶಗಳು ಆಗ ಲೆಕ್ಕಕ್ಕೆ ಬಂದವು. ಮಾಹಿತಿ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೇ.

ಹಾಗಂತ ಎಲ್ಲವೂ ಬರೀ ಕಣ್ಣಿನ ದೋಷ ಅಲ್ಲ. ತಮ್ಮ ಮೂಲ ನೆಲೆ ಬಿಟ್ಟು ಹೊರಗೆ ಬೇರೂರಿದ 13,168 ಸಸ್ಯ ಪ್ರಭೇದಗಳನ್ನು 2015ರ ಒಂದು ಜಾಗತಿಕ ಪಟ್ಟಿ ಲೆಕ್ಕ ಹಾಕಿತು. ಅಲ್ಲೂ ಉತ್ತರ ಅಮೆರಿಕವೇ ಮೊದಲು. ವ್ಯಾಪಾರ, ತೋಟಗಾರಿಕೆ ಜಾಸ್ತಿ ಇದ್ದ ಕಡೆ ಹೊರಗಿನ ಗಿಡಗಳೂ ಜಾಸ್ತಿ ಬಂದಿರುತ್ತವೆ, ಅಲ್ವಾ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಬೇರೆ. ಒಂದು ಕಳೆ ಮುಂದೆ ಎಲ್ಲಿಗೆ ಹಬ್ಬಬಹುದು ಅಂತ ಊಹಿಸುವ ಕಂಪ್ಯೂಟರ್ ಮಾದರಿಗಳು ಕಲಿಯುವುದು ಇದೇ ಚುಕ್ಕೆಗಳಿಂದ. ಬಿಸಿ, ಒಣ ನೆಲದಲ್ಲಿ ಆ ಗಿಡ ಆರಾಮಾಗಿ ಬೆಳೆಯುತ್ತಿದ್ದರೂ ಯಾರೂ ಬರೆದಿಟ್ಟಿಲ್ಲ ಅಂದರೆ, ಅಂಥ ಹವೆ ಅದಕ್ಕೆ ಒಗ್ಗುವುದಿಲ್ಲ ಅಂತ ಮಾದರಿ ಅಂದುಕೊಳ್ಳಬಹುದು. ‘ಹುಡುಕಿದೆವು, ಸಿಗಲಿಲ್ಲ’ ಅನ್ನುವುದೂ ‘ಹುಡುಕಲೇ ಇಲ್ಲ’ ಅನ್ನುವುದೂ ಕೋಷ್ಟಕದಲ್ಲಿ ಒಂದೇ ಸೊನ್ನೆ ಆಗಿಬಿಡುತ್ತವೆ. ಒಳ್ಳೆಯ ನಕ್ಷೆಗಳು ಇವೆರಡಕ್ಕೆ ಬೇರೆ ಬೇರೆ ಬಣ್ಣ ಹಚ್ಚುತ್ತವೆ. ಮುಂದಿನ ಸಲ ಮೊದಲು ಮೂಲೆಯಲ್ಲಿರುವ ಬಣ್ಣಗಳ ವಿವರ ನೋಡಿ.