ಲಿವರ್ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪೂರಕ ಆಹಾರ: ರಾತ್ರಿಯ ಹಸಿವಿನಿಂದ ಶುರು ಮಾಡೋಣ

ಈ ಪಾಠಕ್ಕೆ ಕೂತಾಗ ಎಲ್ಲರೂ ಮೊದಲು ಕೇಳುವುದು ‘ಯಾವ ಪೌಡರ್ ಕೊಡಬೇಕು?’ ಅಂತ. ಪೌಡರ್ ಆಮೇಲೆ. ಮೊದಲು ರಾತ್ರಿ ಏನಾಗುತ್ತದೆ ನೋಡೋಣ.

ಲಿವರ್ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಮೊದಲೇ ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗುವ ಕಾಯಿಲೆ, ಇರುತ್ತದೆ. ಚೆನ್ನಾಗಿರುವ ಲಿವರ್ ಹಗಲು ತಿಂದದ್ದರಲ್ಲಿ ಸ್ವಲ್ಪವನ್ನು ಗ್ಲೈಕೋಜನ್ ಆಗಿ ಕೂಡಿಟ್ಟು, ನಾವು ಮಲಗಿದಾಗ ಸಕ್ಕರೆಯಾಗಿ ರಕ್ತಕ್ಕೆ ಬಿಡುತ್ತದೆ. ಸಿರೋಸಿಸ್ ಆದ ಲಿವರ್‌ನಲ್ಲಿ ಈ ದಾಸ್ತಾನು ತೀರಾ ಕಡಿಮೆ. ರಾತ್ರಿ 8ಕ್ಕೆ ಉಂಡು ಬೆಳಿಗ್ಗೆ 8ಕ್ಕೆ ತಿಂಡಿ ತಿನ್ನುವಷ್ಟರಲ್ಲಿ, ಆರೋಗ್ಯವಂತರು ಎರಡು ಮೂರು ದಿನ ಉಪವಾಸ ಇದ್ದರೆ ಆಗುವ ಸ್ಥಿತಿಗೆ ಅವರ ದೇಹ ಬಂದಿರುತ್ತದೆ. ಸಕ್ಕರೆ ಬೇಕಲ್ಲ? ಅದಕ್ಕಾಗಿ ಸ್ನಾಯು ಕರಗುತ್ತದೆ. ದಿನಾ ರಾತ್ರಿ ಹೀಗೇ.

ಹಾಗಾಗಿ ಮಲಗುವ ಮುಂಚೆ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಲಘು ತಿನಿಸು ಕೊಡುತ್ತಾರೆ. ಎರಡು ಹೋಳು ಬ್ರೆಡ್, ಒಂದು ಲೋಟ ಹಾಲು, ಒಂದು ಸಣ್ಣ ಹಣ್ಣು ಸೇರಿದರೆ ಹೆಚ್ಚು ಕಡಿಮೆ ಅಷ್ಟಾಗುತ್ತದೆ. ಈ ಪಾಠದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನೇ ಇಡಿ. ಶುಗರ್ ಇರುವವರಿಗೆ ಇದನ್ನು ದಿನದ ಲೆಕ್ಕದೊಳಗೇ ಹೊಂದಿಸಬೇಕು.

ಈಗ ಬಿಸಿಎಎ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳು ಇವು. ಹೆಚ್ಚಾಗಿ ಬಳಕೆಯಾಗುವುದು ಲಿವರ್‌ನಲ್ಲಲ್ಲ, ಸ್ನಾಯುವಿನಲ್ಲಿ. ಲಿವರ್ ಸೋತಾಗ ರಕ್ತದ ಅಮೋನಿಯ (ಪ್ರೊಟೀನ್ ಒಡೆದಾಗ ಬರುವ ತ್ಯಾಜ್ಯ) ತೆಗೆಯುವ ಕೆಲಸಕ್ಕೂ ಸ್ನಾಯು ಕೈ ಹಾಕುತ್ತದೆ, ಆ ಕೆಲಸಕ್ಕೆ ಇವೇ ಖರ್ಚಾಗುತ್ತವೆ. ಸ್ನಾಯು ಕರಗಿದರೆ ಅಮೋನಿಯ ಏರುತ್ತದೆ ಅನ್ನುವುದು ಇದಕ್ಕೇ. ಜಪಾನ್‌ನಲ್ಲಿ ಬಿಸಿಎಎ ಪುಡಿಯನ್ನು 4 ಗ್ರಾಂನಂತೆ ದಿನಕ್ಕೆ ಮೂರು ಸಲ ಕೊಡುವುದು ರೂಢಿ. ಆಲ್ಬುಮಿನ್ (ಲಿವರ್ ತಯಾರಿಸುವ ರಕ್ತದ ಪ್ರೊಟೀನ್) ಸುಧಾರಿಸಲು, ಅಮೋನಿಯ ಏರಿ ಬರುವ ಮಂಪರು ತಡೆಯಲು ಇದು ನೆರವಾಗುತ್ತದೆ. ಗಡ್ಡೆಯನ್ನು ಕರಗಿಸುವ ಔಷಧಿ ಇದಲ್ಲ. ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು.

ಮಂಪರು ಬರುತ್ತದೆ ಅಂತ ಪ್ರೊಟೀನ್ ಕಡಿಮೆ ಮಾಡುವುದು ಹಳೆಯ ಪದ್ಧತಿ. ಈಗ ಹಾಗೆ ಮಾಡುವುದಿಲ್ಲ. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್, ಸುಮಾರು 30ರಿಂದ 35 ಕಿಲೋಕ್ಯಾಲರಿ ಬೇಕು. ಆದರೆ ಯಾವ ತೂಕ? ತಕ್ಕಡಿ 70 ಕಿಲೋ ತೋರಿಸುತ್ತಿದೆ, ಹೊಟ್ಟೆಯಲ್ಲಿ ಮಧ್ಯಮ ಪ್ರಮಾಣದ ನೀರಿದೆ, ಎರಡೂ ಕಾಲು ಊದಿವೆ ಅಂದುಕೊಳ್ಳಿ. ಹೊಟ್ಟೆಯ ನೀರಿಗೆ ಶೇ. 10, ಕಾಲಿನ ಊತಕ್ಕೆ ಶೇ. 5 ಕಳೆಯಬೇಕು. ಉಳಿಯುವುದು 59.5 ಕಿಲೋ. ಅದರ ಮೇಲೆ ಪ್ರೊಟೀನ್ ಲೆಕ್ಕ ಹಾಕಿದರೆ 71ರಿಂದ 89 ಗ್ರಾಂ. ನೀರು ತುಂಬಿ ತೂಕ ಏರಿದಾಗ ‘ಪರವಾಗಿಲ್ಲ, ಮೈ ತುಂಬಿಕೊಳ್ತಿದೆ’ ಅಂತ ಮನೆಯವರು ಖುಷಿಪಡುತ್ತಾರೆ. ನೋಡಬೇಕಾದ್ದು ತೋಳಿನ ಸುತ್ತಳತೆ, ಕೈ ಹಿಡಿತದ ಬಲ.

ಗಡ್ಡೆಯ ರಕ್ತನಾಳಕ್ಕೇ ಔಷಧಿ ಬಿಟ್ಟು ಅದನ್ನು ಮುಚ್ಚುವ ಚಿಕಿತ್ಸೆ ಆದ ಮೇಲೆ ಕೆಲವು ದಿನ ಜ್ವರ, ನೋವು, ವಾಕರಿಕೆ ಇರಬಹುದು. ಆಗ ತಟ್ಟೆ ತುಂಬ ಊಟ ಕಂಡರೇ ಬೇಡವಾಗುತ್ತದೆ. ಪೌಷ್ಟಿಕ ಪಾನೀಯವನ್ನು ಗುಟುಕು ಗುಟುಕಾಗಿ ಕೊಡುವುದು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಲಿವರ್ ಕ್ಯಾನ್ಸರ್‌ಗೆ ಕೊಡುವ ಸೊರಾಫೆನಿಬ್ ಮಾತ್ರೆಯ ವಿಷಯದಲ್ಲಿ ಹೊತ್ತು ಮುಖ್ಯ: ಅದನ್ನು ಊಟಕ್ಕೆ 1 ಗಂಟೆ ಮುಂಚೆ ಅಥವಾ 2 ಗಂಟೆ ಬಿಟ್ಟು ನುಂಗಬೇಕು. ಪಾನೀಯವೂ ಊಟದ ಲೆಕ್ಕವೇ. ಮಲಗುವ ಮುಂಚಿನ ತಿನಿಸಿಗೂ ಮಾತ್ರೆಗೂ ಡಿಕ್ಕಿಯಾಗದಂತೆ ವೇಳಾಪಟ್ಟಿ ಬರೆದುಕೊಡಿ.

ಕೊಡಬಾರದ್ದು ಇದಕ್ಕಿಂತ ಮುಖ್ಯ ಅನ್ನಿಸುತ್ತದೆ ನನಗೆ. ಗ್ರೀನ್ ಟೀ ಸಾರದ ಕ್ಯಾಪ್ಸೂಲ್, ಅಶ್ವಗಂಧ, ಅರಿಶಿನದ ಸಾರದ ಮಾತ್ರೆ, ಇವುಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಅಡುಗೆಯ ಅರಿಶಿನದ ಮಾತಲ್ಲ ಇದು. ವಿಟಮಿನ್ ಎ ಜಾಸ್ತಿಯಾದರೂ ಲಿವರ್‌ಗೇ ಹಾನಿ. ಕೊರತೆ ಇಲ್ಲದೆ ಸುಮ್ನೆ ಕಬ್ಬಿಣದ ಮಾತ್ರೆ ಬೇಡ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಸೊರಾಫೆನಿಬ್‌ನ ಪ್ರಮಾಣವನ್ನೇ ರಕ್ತದಲ್ಲಿ ಇಳಿಸಬಹುದು.

‘ಬೇರೆ ಔಷಧಿ ತಗೋತೀರಾ?’ ಅಂತ ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ, ಯಾಕಂದರೆ ಇವನ್ನೆಲ್ಲ ಅವರು ಔಷಧಿ ಅಂತ ಎಣಿಸುವುದೇ ಇಲ್ಲ. ‘ಪುಡಿ, ಕ್ಯಾಪ್ಸೂಲ್, ಬೇರು, ಎಲೆ, ಯಾರಾದರೂ ತಂದುಕೊಟ್ಟದ್ದು ಏನಾದರೂ ಇದೆಯಾ? ಮುಂದಿನ ಸಲ ಡಬ್ಬಿಗಳನ್ನೇ ತನ್ನಿ, ಒಟ್ಟಿಗೆ ನೋಡೋಣ’ ಅಂತ ಕೇಳಿ.