ಸಕ್ಕರೆಯ ಹಿಂದೆ ಸಕ್ಕರೆಯೇ ಇರಲಿ

ಅಡುಗೆಮನೆ ಕಪಾಟುಗಳನ್ನು ಒಪ್ಪ ಮಾಡಿಕೊಡುವುದು ನನ್ನ ಕೆಲಸ. ಹೊಸ ಮನೆಗೆ ಹೋದಾಗ ದಿನಸಿ ಕಪಾಟಿನ ಬಾಗಿಲು ತೆಗೆಯುವ ಮೊದಲೇ ಒಂದು ಪ್ರಶ್ನೆ ಕೇಳುತ್ತೇನೆ: "ಎಲ್ಲಕ್ಕಿಂತ ಹಿಂದೆ ಏನೇನಿದೆ, ನೋಡದೆ ಹೇಳಿ." ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಮೇಲೆ ನಗು. ಒಂದು ಮನೆಯಲ್ಲಿ ಹಿಂದಿನಿಂದ ಉಪ್ಪಿನ ಐದು ಪ್ಯಾಕೆಟ್ ಹೊರಬಂದವು. ಐದೂ ಒಡೆದವು, ಐದೂ ಅರ್ಧರ್ಧ. ಉಪ್ಪು ಮುಗಿದಿದೆ ಅಂದುಕೊಂಡು ಪ್ರತಿ ಸಲ ಹೊಸದು ತಂದಿದ್ದರು, ಅಷ್ಟೆ. ಇದು ಸೋಮಾರಿತನ ಅಲ್ಲ. ಕಾಣದ ಸಾಮಾನು ನೆನಪಿಗೆ ಬರುವುದಾದರೂ ಹೇಗೆ?

ಆಳದ ಕಪಾಟು ಇದ್ದವರ ತೊಂದರೆ ಜಾಗದ್ದಲ್ಲ, ಆಳದ್ದು. ಗೋಡೆಗೆ ಹಾಕುವ ಮೇಲಿನ ಕಪಾಟು ಸಾಮಾನ್ಯವಾಗಿ 12 ಇಂಚು ಆಳ ಇರುತ್ತದೆ. ಕಟ್ಟೆಯ ಕೆಳಗಿನದು ಅದರ ಎರಡರಷ್ಟು, 24 ಇಂಚು. ದಿನಸಿ ಕಪಾಟನ್ನೂ ಹಲವರು ಇದೇ ಆಳಕ್ಕೆ ಮಾಡಿಸುತ್ತಾರೆ. ಈಗ ನಿಮ್ಮ ಕೈ ನೋಡಿ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಅಂದರೆ ಸುಮಾರು 18 ಇಂಚು. ಮೇಲೊಂದು ಹಲಗೆ, ಮುಂದೆ ನಾಲ್ಕು ಡಬ್ಬ ಇರುವಾಗ ಸಲೀಸಾಗಿ ಒಳಗೆ ಹೋಗುವುದು ಆ ಒಂದು ಮೊಳವೇ. ಉಳಿದ ಅರ್ಧ ಅಡಿಗೆ ಹೋಗಬೇಕಾದರೆ ಮುಂದಿನದನ್ನೆಲ್ಲ ಕೆಳಗಿಳಿಸಬೇಕು. ಬೆಳಗ್ಗೆ ಮಕ್ಕಳ ಡಬ್ಬಿ ಕಟ್ಟುವ ಹೊತ್ತಲ್ಲಿ ಯಾರು ಇಳಿಸುತ್ತಾರೆ?

ನಾವು ಹಲಗೆ ತುಂಬುವ ರೀತಿಯೂ ಎಡವಟ್ಟೇ. ಗ್ರೂಪ್ ಫೋಟೋಗೆ ನಿಲ್ಲಿಸಿದ ಹಾಗೆ ಎತ್ತರದವರು ಹಿಂದೆ, ಗಿಡ್ಡವರು ಮುಂದೆ. ನೋಡಲು ಚೆಂದ. ಆದರೆ ಅಕ್ಕಿಯ ಹಿಂದೆ ಬೇಳೆ, ಬೇಳೆಯ ಹಿಂದೆ ಇನ್ನೇನೋ. ನಾನು ಇದನ್ನು ತಿರುಗಿಸಿಬಿಡುತ್ತೇನೆ. ಹಲಗೆಯ ಮುಂದಿನ ಅಂಚಿನಿಂದ ಹಿಂದಿನ ಗೋಡೆಯವರೆಗೆ ಒಂದು ಉದ್ದನೆಯ ಪಟ್ಟಿ, ಅದು ಒಂದೇ ಸಾಮಾನಿಗೆ ಮೀಸಲು. ನಾನು ಅದಕ್ಕೆ ಓಣಿ ಅನ್ನುತ್ತೇನೆ. ಸಕ್ಕರೆ ಓಣಿಯಲ್ಲಿ ಮುಂದೆ ಬಳಸುತ್ತಿರುವ ಡಬ್ಬ, ಅದರ ಹಿಂದೆ ಒಡೆಯದ ಪ್ಯಾಕೆಟ್. ಸಕ್ಕರೆಯ ಹಿಂದೆ ಸಕ್ಕರೆ ಬಿಟ್ಟು ಬೇರೇನೂ ಇಲ್ಲ. ಮುಂದಿನದನ್ನು ನೋಡಿದರೆ ಹಿಂದಿನದು ಗೊತ್ತಾಯಿತು, ಅಲ್ವಾ? ಅಂಗಡಿಗೆ ಹೊರಡುವಾಗ ಪಟ್ಟಿ ಬರೆಯುವ ಕೆಲಸವೂ ಹಗುರ. ಡಬ್ಬದ ಹಿಂದೆ ಖಾಲಿ ಕಂಡರೆ ತರಬೇಕು, ಪ್ಯಾಕೆಟ್ ಇದ್ದರೆ ಬೇಡ.

ಓಣಿಗೆ ಬೇಕಾದದ್ದು ಕಿರಿದಾದ, ಉದ್ದನೆಯ, ಹಿಡಿ ಇರುವ ಟ್ರೇ. ಎಳೆದರೆ ಇಡೀ ಓಣಿ ಹೊರಗೆ ಬರುತ್ತದೆ. ಬಡಗಿ ಇಲ್ಲದೆ ಸಿಕ್ಕ ಡ್ರಾಯರ್ ಅದು. ನಿಜವಾದ ಡ್ರಾಯರನ್ನೇ ಹಾಕಿಸುವವರಿಗೆ ಒಂದು ಮಾತು: ಅದು ಜಾರುವ ಚಾನೆಲ್ ಪೂರ್ತಿ ಹೊರಗೆ ಬರುತ್ತದೋ ಇಲ್ಲವೋ ಮೊದಲೇ ಕೇಳಿ. ಮುಕ್ಕಾಲು ಭಾಗ ಮಾತ್ರ ಬರುವ ಚಾನೆಲ್‌ಗಳೂ ಇವೆ. 24 ಇಂಚಿನ ಡ್ರಾಯರ್‌ಗೆ ಅದನ್ನು ಹಾಕಿಸಿದರೆ ಕೊನೆಯ 6 ಇಂಚು ಒಳಗೇ ಉಳಿಯುತ್ತದೆ. ದುಡ್ಡು ಕೊಟ್ಟು ಅದೇ ಕತ್ತಲನ್ನು ಡ್ರಾಯರ್ ಒಳಗೆ ತುಂಬಿಸಿಕೊಂಡ ಹಾಗೆ. ಟ್ರೇಗೆ ಅಳತೆ ತೆಗೆಯುವಾಗಲೂ ಕಪಾಟಿನ ಹೊರಗಿನ ಅಗಲ ಹಿಡಿಯಬೇಡಿ. ಬಾಗಿಲ ಹಿಂಜು ಒಳಗೆ ಚಾಚಿಕೊಂಡಿರುತ್ತದೆ. ಎಳೆಯುವಾಗ ಟ್ರೇ ಅಲ್ಲಿಗೇ ತಗಲುತ್ತದೆ.

ಡಬ್ಬ ಕೊಳ್ಳುವುದು ಕೊನೆಯ ಕೆಲಸ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ನಮ್ಮನೆಗೇ ಒಂದೇ ಥರದ 24 ಡಬ್ಬ ತಂದೆ. ಎತ್ತರ ಅಳೆದಿದ್ದೆ, ಸರಿಯಾಗಿ ಕೂತವು. ಆದರೆ ಹೊರಗೆ ತೆಗೆಯಲು ಸ್ವಲ್ಪ ಓರೆ ಮಾಡಬೇಕಲ್ಲ, ಆಗ ಮುಚ್ಚಳ ಮೇಲಿನ ಹಲಗೆಗೆ ಬಡಿಯುತ್ತಿತ್ತು. ಎರಡು ಬೆರಳಿನಷ್ಟು ಜಾಗ ಬಿಡಬೇಕಿತ್ತು. ಅವುಗಳಲ್ಲಿ ಅರ್ಧ ಈಗ ಮಕ್ಕಳ ಬಣ್ಣದ ಪೆನ್ಸಿಲ್, ಮೊಳೆ, ಸ್ಕ್ರೂ ತುಂಬಿಕೊಂಡು ಕೂತಿವೆ. ಕೊಳ್ಳುವುದೇ ಆದರೆ ಒಳಗಿನದು ಕಾಣುವ, ಚೌಕದ ಡಬ್ಬ ಕೊಳ್ಳಿ. ಚೌಕದ ಜಾಗದಲ್ಲಿ ದುಂಡು ಡಬ್ಬ ಇಟ್ಟರೆ ನೂರಕ್ಕೆ ಸುಮಾರು 21 ಭಾಗ ಸುಮ್ನೆ ಗಾಳಿ.

ಕಪಾಟಿನ ಆಳ ಅಂದರೆ ಕಾಲವೂ ಹೌದು. ಹಿಂದೆ ಹೋದ ಸಾಮಾನು ಜಾಸ್ತಿ ದಿನ ಕಾಯುತ್ತದೆ. ಹಾಗಾಗಿ ಎಲ್ಲ ಓಣಿಯನ್ನೂ ತುಂಬುವುದು ತಪ್ಪು. ಉಪ್ಪು, ಸಕ್ಕರೆ, ಬಿಳಿ ಅಕ್ಕಿ ಎಷ್ಟು ಕಾಲ ಬೇಕಾದರೂ ಕಾಯುತ್ತವೆ, ಒಣಗಿದ್ದರೆ ಸಾಕು. ಪಾಲಿಶ್ ಮಾಡದ ಅಕ್ಕಿ, ತೌಡು ತೆಗೆಯದ ಗೋಧಿ ಹಿಟ್ಟು, ಬಾದಾಮಿಯಂಥ ಬೀಜಗಳು ಹಾಗಲ್ಲ. ಅವುಗಳಲ್ಲಿ ಎಣ್ಣೆ ಅಂಶ ಇದೆ, ಬೇಗ ಕನರು ವಾಸನೆ ಹಿಡಿಯುತ್ತವೆ. ಇವುಗಳ ಓಣಿಯಲ್ಲಿ ಒಂದೇ ಡಬ್ಬ, ಹಿಂದೆ ಖಾಲಿ. ಖಾಲಿ ಬಿಡಲು ಮನೆಯವರಿಗೆ ಮನಸ್ಸೇ ಬರುವುದಿಲ್ಲ. ನಾನು ಪಟ್ಟು ಬಿಡುವುದಿಲ್ಲ.

ಇನ್ನು ಹುಳ. ಹಳೆಯದು ತಳದಲ್ಲಿ ಇರುವಾಗಲೇ ಮೇಲೆ ಹೊಸದು ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಮೇಲಿನದು ಖರ್ಚಾಗುತ್ತಾ ಹೋಗುತ್ತದೆ, ತಳದ್ದು ವರ್ಷಗಟ್ಟಲೆ ಅಲ್ಲೇ. ಹುಳಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ಮೊದಲು ಡಬ್ಬ ಖಾಲಿ ಮಾಡಿ, ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಹೊಸದು ಹಾಕಿ. ಮುಚ್ಚಳದ ಅಂಚಿನಲ್ಲಿ ಉಳಿದ ಒಂದು ಹನಿ ನೀರು ಹಿಟ್ಟನ್ನು ಗಂಟು ಕಟ್ಟಿಸುತ್ತದೆ. ಎಷ್ಟೋ ಸಲ ಹುಳದ ಮೊಟ್ಟೆ ಅಂಗಡಿಯಿಂದಲೇ ಕಾಳಿನ ಜೊತೆ ಬಂದಿರುತ್ತದೆ. ಆಗ ಎಂಥ ಬಿಗಿ ಮುಚ್ಚಳವೂ ಉಪಯೋಗಕ್ಕಿಲ್ಲ. ಅನುಮಾನ ಬಂದ ಪ್ಯಾಕೆಟ್ಟನ್ನು ಫ್ರೀಜರ್‌ನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಕಡಿಮೆ ಅಂದರೆ ನಾಲ್ಕು ದಿನ ಇಡಿ. ತೆಗೆದ ತಕ್ಷಣ ಒಡೆಯಬೇಡಿ, ತಣ್ಣನೆಯ ಕಾಳಿನ ಮೇಲೆ ತೇವ ಕೂರುತ್ತದೆ. ಚಳಿ ಪೂರ್ತಿ ಬಿಡುವವರೆಗೆ ಕಾಯಿರಿ.

ಎತ್ತರದ ಲೆಕ್ಕ ಸುಲಭ. ದಿನಾ ಬೇಕಾಗುವುದು ಸೊಂಟದಿಂದ ಕಣ್ಣಿನ ನಡುವೆ, ಭಾರದ್ದು ಕೆಳಗೆ, ಮಕ್ಕಳು ತಾವೇ ತೆಗೆದುಕೊಳ್ಳಬಹುದಾದದ್ದು ಮಕ್ಕಳ ಕೈಮಟ್ಟಕ್ಕೆ. ನೆಲ ಒರೆಸುವ ದ್ರಾವಣ, ಸೋಪಿನ ಪುಡಿ ಈ ಕಪಾಟಿನಲ್ಲಿ ಎಲ್ಲೂ ಬೇಡ. ಈರುಳ್ಳಿ, ಆಲೂಗಡ್ಡೆಗೆ ಗಾಳಿ ಬೇಕು. ಅವೂ ಹೊರಗೇ ಇರಲಿ, ಅದೂ ಬೇರೆ ಬೇರೆ ಬುಟ್ಟಿಯಲ್ಲಿ.

ಗಡಿಬಿಡಿಯ ಮನೆಯಲ್ಲಿ ಎಂಥ ವ್ಯವಸ್ಥೆಯೂ ಕೆಡುವುದು ಸಾಮಾನು ತೆಗೆಯುವಾಗ ಅಲ್ಲ, ಇಡುವಾಗ. ಚೀಲ ಹೊತ್ತು ತರುವವರು ಒಬ್ಬರು, ಅಡುಗೆ ಮಾಡುವವರು ಇನ್ನೊಬ್ಬರು. ತಂದವರು ಸುಸ್ತಾಗಿರುತ್ತಾರೆ, ಖಾಲಿ ಕಂಡ ಕಡೆ ತುರುಕುತ್ತಾರೆ. ಅದಕ್ಕೇ ಹೆಸರಿನ ಚೀಟಿಯನ್ನು ಡಬ್ಬಕ್ಕೆ ಅಂಟಿಸುವುದಕ್ಕಿಂತ ಹಲಗೆಯ ಅಂಚಿಗೆ ಅಂಟಿಸಿ. ಡಬ್ಬ ಹೊರಗೆ ಹೋದರೂ ಅದರ ಜಾಗಕ್ಕೆ ಹೆಸರು ಉಳಿಯುತ್ತದೆ. ಎಲ್ಲ ಮುಗಿದ ಮೇಲೆ, ಮನೆಯಲ್ಲಿ ಅಡುಗೆಯ ಗೊಡವೆಯೇ ಇಲ್ಲದವರನ್ನು ಕರೆದು ಬೇಳೆ ತೆಗೆದುಕೊಡಿ ಅನ್ನಿ. "ಎಲ್ಲಿದೆ?" ಅಂತ ಕೇಳಿದರೆ ಚೀಟಿ ಸರಿಯಿಲ್ಲ ಅಂತಲೇ ನನ್ನ ಲೆಕ್ಕ. ಬೈಯುವ ಮೊದಲು ಅದನ್ನು ಸರಿಮಾಡಿ.

ಕಣ್ಣಿನ ಮಟ್ಟದಲ್ಲಿ ಇನ್ನೊಂದು ಬುಟ್ಟಿ ಇಟ್ಟು 'ಮೊದಲು ಮುಗಿಸಿ' ಅಂತ ಬರೆಯಿರಿ. ಒಡೆದ ಬಿಸ್ಕತ್ತು, ತಾರೀಖು ಹತ್ತಿರ ಬಂದ ಪ್ಯಾಕೆಟ್ ಎಲ್ಲ ಅಲ್ಲಿಗೆ. ಪ್ಯಾಕೆಟ್ ಮೇಲಿನ 'ಬೆಸ್ಟ್ ಬಿಫೋರ್' ರುಚಿ, ಗುಣದ ಮಾತು. ಆ ದಿನ ದಾಟಿತು ಅಂದಮಾತ್ರಕ್ಕೆ ಕೆಟ್ಟಿತು ಅಂತಲ್ಲ. 'ಯೂಸ್ ಬೈ' ಅಂತ ಇದ್ದರೆ ಮಾತ್ರ ಚೌಕಾಸಿ ಬೇಡ, ಎಸೆದುಬಿಡಿ.

ದಯವಿಟ್ಟು ಇದನ್ನೆಲ್ಲ ಒಂದೇ ಭಾನುವಾರ ಮಾಡಲು ಹೋಗಬೇಡಿ. ಇಡೀ ಕಪಾಟು ನೆಲಕ್ಕಿಳಿದಿರುತ್ತದೆ, ಮಕ್ಕಳಿಗೆ ಹಸಿವಾಗುತ್ತದೆ, ಸಂಜೆಗೆ ಎಲ್ಲ ಮತ್ತೆ ಹೇಗೋ ಒಳಗೆ ಹೋಗುತ್ತದೆ. ಒಂದು ಸಂಜೆಗೆ ಒಂದು ಹಲಗೆ, ಅರ್ಧ ಗಂಟೆ.

ಟ್ರೇಯೂ ಬೇಡ, ಡ್ರಾಯರೂ ಬೇಡ ಅನ್ನುವವರಿಗೆ ನಾನು ಕೊನೆಯ ಅರ್ಧ ಅಡಿಯನ್ನು ಮುಚ್ಚಿಯೇ ಬಿಡುತ್ತೇನೆ. ಒಂದು ಖಾಲಿ ರಟ್ಟಿನ ಪೆಟ್ಟಿಗೆ ಹಿಂದಕ್ಕೆ ತಳ್ಳಿದರೆ ಆಯಿತು, 24 ಇಂಚಿನ ಹಲಗೆ 18 ಇಂಚಿನದಾಗುತ್ತದೆ. ಉಪ್ಪಿನ ಮನೆಯವರಿಗೂ ಹೀಗೇ ಮಾಡಿದೆ. "ಅಷ್ಟು ಜಾಗ ದಂಡ ಅಲ್ವಾ?" ಅಂದರು. ಆರು ತಿಂಗಳ ಮೇಲೆ ಹೋದಾಗ ನೋಡಿದೆ, ಪೆಟ್ಟಿಗೆ ಅಲ್ಲೇ ಇತ್ತು. ಒಳಗೆ ಮಾತ್ರ ಮಿಕ್ಸಿಯ ಖಾಲಿ ಡಬ್ಬಿ, ಅದರ ವಾರಂಟಿ ಚೀಟಿ ಇಟ್ಟುಕೊಂಡಿದ್ದರು. ನಾನೂ ಸುಮ್ಮನಾದೆ.